ಏಳನೇ ನಂಬರ್ ಯಂತ್ರದ ಕಿಲುಬು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ತಾಮ್ರದ ಲೋಟದಲ್ಲಿ ನೀರು ಕೊಡುತ್ತಾರೆ. ಕುಡಿದು ಲೋಟ ವಾಪಸು ಕೊಟ್ಟಾಗ ಮನೆಯವರು ಅದನ್ನು ನೋಡುವುದಿಲ್ಲ. ನೋಡದೆಯೇ ಒಳಗೆ ತೆಗೆದುಕೊಂಡು ಹೋಗುತ್ತಾರೆ, ಅದು ಮರ್ಯಾದೆ. ಒಳಗೆ ಹೋದ ಮೇಲೆ ನೋಡುತ್ತಾರೆ ಎಂಬುದು ಬೇರೆ ಮಾತು. ಆ ಮನೆಯ ಹೊಸ ಸೀರೆಯನ್ನೋ, ಹೊಸ ಮಹಡಿಯನ್ನೋ, ಪಾಸಾದ ಮಗಳನ್ನೋ ಕಂಡು ಬಂದವರ ಹೊಟ್ಟೆ ಉರಿದಿದ್ದರೆ ಲೋಟದ ಅಂಚಿನಲ್ಲಿ ಹಸಿರು ಕಿಲುಬು ಎದ್ದಿರುತ್ತದೆ. ಸಾಸಿವೆ ಕಾಳಿನಷ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮನುಷ್ಯರೆಂದ ಮೇಲೆ ಅಷ್ಟು ಇದ್ದೇ ಇರುತ್ತದೆ. ಉಗುರಿನಷ್ಟಿದ್ದರೆ ಮುಂದಿನ ಹಬ್ಬಕ್ಕೆ ಅವರನ್ನು ಕರೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಹುಣಸೆಹಣ್ಣಿನ ಮೂಟೆ ಅಕ್ಕಿ ಮೂಟೆಯ ಪಕ್ಕದಲ್ಲೇ ಇರುತ್ತದೆ. ಹೆಣ್ಣು ನೋಡಲು ಹೋದವರು ಹುಡುಗಿಗಿಂತ ಮೊದಲು ಬಚ್ಚಲಿನ ಹಂಡೆ ನೋಡುತ್ತಾರೆ. ಬರೀ ಸ್ಟೀಲ್ ಪಾತ್ರೆ ಇಟ್ಟುಕೊಂಡ ಮನೆಯ ಬಗ್ಗೆ "ಅವ್ರೇನೋ ಮುಚ್ಚಿಡ್ತಾರೆ ಕಣ್ರೀ" ಎಂದು ಬೀದಿಯಲ್ಲಿ ಮಾತು ಹುಟ್ಟುತ್ತದೆ. ಕಬ್ಬಿಣಕ್ಕೆ, ಸ್ಟೀಲಿಗೆ ಏನೂ ಆಗುವುದಿಲ್ಲ. ತಾಮ್ರ ಮತ್ತು ಹಿತ್ತಾಳೆಗೆ ಮಾತ್ರ, ಅದೂ ಹೊಟ್ಟೆ ಉರಿದವರು ಹತ್ತು ಹೆಜ್ಜೆಯೊಳಗೆ ಇದ್ದರೆ.

ಇಂಥ ಊರಿನಲ್ಲಿ ತಾಮ್ರದ ತಂತಿ ನೋಡುವ ಕೆಲಸ ನನ್ನದು. ಹೊಸ ಕೆರೆಗೆ ಏರಿ ಕಟ್ಟುವ ಯಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮಣ್ಣು ಅಗೆಯುವ, ತಳ್ಳುವ, ಎತ್ತುವ ದೊಡ್ಡ ಯಂತ್ರಗಳ ವೈರಿಂಗ್ ಕೆಟ್ಟರೆ ನನ್ನನ್ನು ಕರೆಯುತ್ತಾರೆ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಯಂತ್ರಗಳ ಹೊಟ್ಟೆಯೊಳಗೆ ಸದಾ ಮಾತುಕತೆ ನಡೆಯುತ್ತಿರುತ್ತದೆ. ಎಂಜಿನ್ನಿಗೊಂದು, ಪಂಪಿಗೊಂದು, ಆಪರೇಟರ್ ಕೂರುವ ಕ್ಯಾಬಿನ್ನಿಗೊಂದು ಎಂದು ಪುಟ್ಟ ಪುಟ್ಟ ಪೆಟ್ಟಿಗೆಗಳಿರುತ್ತವೆ. ಜಡೆಯ ಹಾಗೆ ಹೆಣೆದ ಎರಡು ತಂತಿಗಳ ಮೇಲೆ ಅವು ಒಂದಕ್ಕೊಂದು ಸುದ್ದಿ ಹೇಳಿಕೊಳ್ಳುತ್ತವೆ. ಆ ಮಾತು ನಿಂತರೆ ಯಂತ್ರಕ್ಕೆ ಪೆಟ್ಟೇನೂ ಆಗುವುದಿಲ್ಲ. ಎಂಜಿನ್ ಗುರುಗುಡುತ್ತಲೇ ಇರುತ್ತದೆ, ಆದರೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುತ್ತದೆ. ಆಗ ಯಂತ್ರ ಆಫ್ ಮಾಡಿ, ಆ ಎರಡು ತಂತಿಗಳಿಗೆ ಮೀಟರ್ ಹಿಡಿಯಬೇಕು. ಅರವತ್ತು ಓಂ ತೋರಿಸಿದರೆ ದಾರಿ ಸರಿಯಿದೆ. ಹೆಚ್ಚು ತೋರಿಸಿದರೆ ದಾರಿಯಲ್ಲೆಲ್ಲೋ ಅಡ್ಡಿಯಿದೆ. ದಾರಿಯನ್ನು ಮಧ್ಯಕ್ಕೆ ಬಿಚ್ಚಿ, ಯಾವ ಅರ್ಧ ಕೆಟ್ಟಿದೆ ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಹಾಗೇ ಹೋಗುತ್ತಿರಬೇಕು.

ಇದನ್ನೆಲ್ಲ ನಾನು ಸಂಜೆ ಕ್ಲಾಸಿನಲ್ಲಿ ಕಲಿತೆ. ನಾಲ್ಕು ವರ್ಷ, ಆರೂವರೆಯಿಂದ ಎಂಟೂವರೆ, ಹೈಸ್ಕೂಲಿನ ಎಂಟನೇ ತರಗತಿಯ ಕೋಣೆಯಲ್ಲಿ. ಬೆಂಚು ಮಕ್ಕಳದು, ನನ್ನ ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ, ಅಡ್ಡ ಕೂತೇ ಬರೆದುಕೊಂಡೆ. ಊಹಿಸಬೇಡಿ, ಅಳೆಯಿರಿ, ಅಳೆದದ್ದನ್ನು ಬರೆದಿಡಿ ಎಂದು ಅಲ್ಲಿ ಹೇಳಿಕೊಟ್ಟರು. ನಾನು ಅದನ್ನು ಎಷ್ಟು ನಂಬಿದೆನೆಂದರೆ ಇವತ್ತಿಗೂ ಜೇಬಿನಲ್ಲಿ ಪೆನ್ಸಿಲ್, ರಬ್ಬರ್, ಉದ್ದನೆಯ ನೋಟ್ ಪುಸ್ತಕ ಇಲ್ಲದೆ ಮನೆ ಬಿಡುವುದಿಲ್ಲ. ಪ್ರತಿ ದೋಷಕ್ಕೂ ಒಂದು ಸಾಲು: ದಿನಾಂಕ, ಯಂತ್ರದ ನಂಬರ್, ಎಲ್ಲಿ, ಕಾರಣ, ಪರಿಹಾರ. ಬರೆದ ಮೇಲೂ ಸರಿ ಬರೆದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ತೆಗೆದು ಓದುತ್ತೇನೆ. ವೈರಿಂಗ್ ರೂಮಿನ ಹಿತ್ತಾಳೆ ಬೀಗದ ಕೈ ಹನ್ನೊಂದು ವರ್ಷ ನನ್ನ ಸೊಂಟದಲ್ಲೇ ಇತ್ತು. ಬೀಗ ಹಾಕಿ ಬಂದವನು ಮೂರು ಸಲ ಹಿಂದೆ ಹೋಗಿ ಎಳೆದು ನೋಡುತ್ತಿದ್ದೆ. ಯಾರ್ಡಿನಲ್ಲಿ ಅದಕ್ಕೆ ನಗುತ್ತಿದ್ದರು, ಆದರೆ ಯಂತ್ರ ನಿಂತರೆ ನನ್ನನ್ನೇ ಕರೆಯುತ್ತಿದ್ದರು. ಅಷ್ಟು ಸಾಕಿತ್ತು.

ಸಂಕ್ರಾಂತಿ ಕಳೆದ ಮೇಲೆ ದೇವೀರಮ್ಮ ಬಂದಳು. ಅವಳ ಗಂಡನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಹದಿನೈದು ವರ್ಷ ತಾಮ್ರದ ತಂತಿ ಸುತ್ತಿದವಳು. ಈಗ ಮೋಟರ್ ಸುಟ್ಟರೆ ಜನ ಹೊಸದೇ ತರುತ್ತಾರೆ. ಅಂಗಡಿ ಮುಚ್ಚಿತು, ಗಂಡ ಪರವೂರಿಗೆ ಕೆಲಸಕ್ಕೆ ಹೋದ, ಇವಳು ಯಾರ್ಡಿಗೆ ಬಂದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಕಿ ಓದುತ್ತಾಳೆ, ಅಕ್ಷರ ಬರುವುದಿಲ್ಲ. ನನ್ನ ಕೈಕೆಳಗೆ ಸಹಾಯಕ್ಕೆಂದು ಹಾಕಿದರು. ನನ್ನ ನೋಟ್ ಪುಸ್ತಕ ನೋಡಿ ಮೊದಲ ದಿನವೇ "ಏನ್ ಮೇಷ್ಟ್ರೇ" ಎಂದು ಕರೆದಳು. ಅಂದಿನಿಂದ ಯಾರ್ಡಿನಲ್ಲಿ ತಿಪ್ಪೇಶಿ ಎಂಬ ನನ್ನ ಹೆಸರನ್ನು ಫೋರ್‌ಮನ್ ಹಾಲಪ್ಪನೊಬ್ಬ ಬಿಟ್ಟು ಎಲ್ಲರೂ ಮರೆತರು.

ಆ ವಾರ ನಾಲ್ಕನೇ ನಂಬರ್ ಯಂತ್ರ ಒಮ್ಮೆ ಓಡುತ್ತ ಒಮ್ಮೆ ನಿಲ್ಲುತ್ತ ಎರಡು ದಿನದಿಂದ ನನ್ನನ್ನು ಕಾಡುತ್ತಿತ್ತು. ನಾನು ಮೀಟರ್ ಹಿಡಿದಾಗ ಅರವತ್ತು, ಆಪರೇಟರ್ ಕೈ ಎತ್ತಿದಾಗ ಮಾತು ಬಂದ್. ದೇವೀರಮ್ಮ ಕಣ್ಣು ಮುಚ್ಚಿಕೊಂಡು ತಂತಿಯ ಮೇಲೆ ಬೆರಳಾಡಿಸುತ್ತ ಹೋದಳು. ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ. ಕೈ ಮಡಿಚುವ ಕೀಲಿನ ಹತ್ತಿರ ನಿಂತಳು. "ಇಲ್ಲಿ ಒಳಗೆ ಎಳೆ ಹರಿದೈತೆ ಮೇಷ್ಟ್ರೇ. ಮೇಲೆ ಚರ್ಮ ಚೆನ್ನಾಗೈತೆ, ಅಷ್ಟೆ." ಸೀಳಿ ನೋಡಿದೆ, ಹರಿದಿತ್ತು. ಹತ್ತು ನಿಮಿಷ. ನನಗೆ ಹಿಡಿದದ್ದು ಎರಡು ದಿನ, ಸಂಜೆ ಕ್ಲಾಸನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು ವರ್ಷ.

ಅವತ್ತು ಕ್ಯಾಂಟೀನಿನಲ್ಲಿ ಹಾಲಪ್ಪ ಅವಳಿಗೆ ತಾನೇ ಒಂದು ವಡೆ ಕೊಡಿಸಿ, "ಏನ್ ಕೈಗುಣನಮ್ಮಾ ನಿಂದು! ನಮ್ ತಿಪ್ಪೇಶಿ ಎರಡ್ ದಿನದಿಂದ ಪಂಚಾಂಗ ಓದ್ದಂಗೆ ಪುಸ್ತಕ ಓದ್ತಿದ್ದ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ "ನಿಜ, ನಿಜ, ಇಂಥ ಕೈ ನಾನು ನೋಡೇ ಇಲ್ಲ" ಎಂದೆ. ಹೇಳುತ್ತಿದ್ದಂತೆ ಮೇಜಿನ ಮೇಲಿದ್ದ ತಾಮ್ರದ ಜಗ್ಗಿನ ಕುತ್ತಿಗೆ ಹಸಿರಾಗತೊಡಗಿತು. ಬೆವರು ಒರೆಸಿಕೊಳ್ಳುವವನ ಹಾಗೆ ಹೆಗಲ ಮೇಲಿನ ಟವೆಲ್ ತೆಗೆದು ಜಗ್ಗಿನ ಮೇಲೆ ಹಾಕಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ಅವಳು ನಕ್ಕರೆ ನನ್ನನ್ನು ನೋಡಿಯೇ ನಕ್ಕಳು ಅನ್ನಿಸುತ್ತಿತ್ತು, ನಗದಿದ್ದರೆ ಅಯ್ಯೋ ಪಾಪ ಎಂದುಕೊಂಡಳು ಅನ್ನಿಸುತ್ತಿತ್ತು. ಮನೆಗೆ ಬಂದು ನನ್ನ ಹೆಂಡತಿ ಪಂಕಜಳ ಮುಂದೆ ಅದೇ ಪುರಾಣ. ದೇವೀರಮ್ಮ ಹೀಗೆ ಬೆರಳಾಡಿಸಿದಳು, ದೇವೀರಮ್ಮ ಹಾಗೆ ಹೇಳಿದಳು, ಇವತ್ತು ದೇವೀರಮ್ಮನನ್ನು ಹೀಗೆ ಹೊಗಳಿದರು. ಹೊಟ್ಟೆಯಲ್ಲಿರುವುದಕ್ಕೆ ಹೊಗಳಿಕೆಯ ಬಟ್ಟೆ ತೊಡಿಸಿ ಹೊರಗೆ ಕಳಿಸಿದರೆ ಹಗುರಾಗಬಹುದು ಎಂಬ ಆಸೆ. ಪಂಕಜ ರೊಟ್ಟಿ ತಟ್ಟುತ್ತ "ಹೂಂ" ಎನ್ನುತ್ತಿದ್ದಳು. ಆದರೆ ಬಚ್ಚಲಿನ ಹಂಡೆಯ ಮೇಲೆ ಬೆಳಬೆಳಗ್ಗೆ ಕಿಲುಬು. ಒಂದು ದಿನ ಅವಳು ಏಳುವ ಮುನ್ನ ಉಜ್ಜಿಬಿಡೋಣವೆಂದು ಹುಣಸೆಹಣ್ಣು ಹಿಡಿದು ಹೋದೆ. ಹಂಡೆ ಆಗಲೇ ಫಳಫಳ ಹೊಳೆಯುತ್ತಿತ್ತು. ಮೂಲೆಯಲ್ಲಿ ಹುಣಸೆಯ ನಾರು ಒದ್ದೆಯಾಗಿ ಬಿದ್ದಿತ್ತು. ಗಂಡನ ಮಾನ ಹೋಗಬಾರದೆಂದು ಇವಳು ಒಂದು ಮಾತೂ ಕೇಳದೆ ಉಜ್ಜುತ್ತಿದ್ದಾಳಲ್ಲ ಎಂದು ನನಗೆ ತಲೆ ಎತ್ತಲಾಗದಂತಾಯಿತು.

ಯಾರ್ಡಿನಲ್ಲಿ ಯಂತ್ರಗಳು ಒಂದಾದ ಮೇಲೊಂದು ಮೂಕವಾಗತೊಡಗಿದವು. ಹಿಂದೆ ತಿಂಗಳಿಗೆ ಎರಡು ನಿಂತರೆ ಹೆಚ್ಚು, ಈಗ ವಾರಕ್ಕೊಂದು. ನಾನು ಕ್ರಮವಾಗಿ ಹುಡುಕುತ್ತಿದ್ದೆ. ಇವಳು ಬಂದು ಕಂಡುಹಿಡಿದುಬಿಟ್ಟರೆ ಎಂಬ ಯೋಚನೆಯಲ್ಲೇ ತಂತಿಗೆ ತಂತಿ ಸೇರಿಸುವ ಒಂದೊಂದು ಕನೆಕ್ಟರ್ ಬಿಚ್ಚುತ್ತಿದ್ದೆ, ಹಾಕುತ್ತಿದ್ದೆ. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆ: "ಕೊನೇಲಿ ಮುಟ್ಟಿದ್ದು ಯಾವ್ದು ಮೇಷ್ಟ್ರೇ?" ಎಲ್ಲಿ ಸೋತೆ ಎಂದು ಕೇಳುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ತೋರಿಸುತ್ತಿದ್ದೆ. ಐದು ನಿಮಿಷ ಅಲ್ಲಿ ಇಲ್ಲಿ ಬೆರಳಾಡಿಸಿ, "ಇಲ್ಲೈತೆ ನೋಡಿ" ಎನ್ನುತ್ತಿದ್ದಳು. ಕನೆಕ್ಟರಿನ ತಾಮ್ರದ ಪಿನ್ನುಗಳ ಮೇಲೆ ಹಸಿರು ಪುಡಿ. ಉಜ್ಜಿದರೆ ಯಂತ್ರ ಮಾತಾಡುತ್ತಿತ್ತು.

ಕಿಲುಬು ಎಂದರೆ ನಮ್ಮೂರಿನಲ್ಲಿ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಪುಸ್ತಕದ 'ಕಾರಣ'ದ ಮನೆಯಲ್ಲಿ 'ತೇವ' ಎಂದು ಬರೆದೆ. ತೇವದಿಂದಲೂ ಕಿಲುಬು ಬರುತ್ತದೆ, ಅದು ಸುಳ್ಳಲ್ಲ. ಹನ್ನೊಂದು ಸಾಲು ತೇವ, ತೇವ, ತೇವ. ಬರೆಯುವಾಗಲೆಲ್ಲ ಪೆನ್ಸಿಲ್ಲಿನ ಮೊನೆ ಮುರಿಯುತ್ತಿತ್ತು.

ಮೇ ತಿಂಗಳ ಕೊನೆಗೆ ಹಾಲಪ್ಪ ಆ ಪುಸ್ತಕ ತಿರುವಿ ನೋಡಿದ. "ತೇವವಂತೆ! ಬಿಸಿಲಿಗೆ ನಮ್ ನಾಲಿಗೇಲೇ ತೇವ ಇಲ್ಲ, ಪಿನ್ನಿಗೆಲ್ಲಿಂದ ಬಂತಯ್ಯಾ?" ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸೋಮವಾರ ತಟ್ಟೆ ಹಿಡಿಯೋದು. ಒಬ್ರೂ ತಪ್ಪಿಸೋ ಹಂಗಿಲ್ಲ. ಅದಾದ್ಮೇಲೆ ವೈರಿಂಗ್ ರೂಮಿನ ಬೀಗದ ಕೈ ಇನ್ಮೇಲೆ ಯಾರತ್ರ ಇರ್ಬೇಕು ಅಂತಾನೂ ಹೇಳ್ತೀನಿ."

ತಟ್ಟೆ ಹಿಡಿಯುವುದೆಂದರೆ ಎಲ್ಲರೂ ದೂರ ದೂರ ನಿಂತು ಉಜ್ಜಿದ ತಾಮ್ರದ ತಟ್ಟೆ ಹಿಡಿದು ನೂರು ಎಣಿಸುವುದು. ಹಸಿರಾದವರಿಗೆ ಬೈಗುಳವಿಲ್ಲ, ದಂಡವಿಲ್ಲ. ಅವರನ್ನು ಮರದ ಶೆಡ್ಡಿಗೆ ಹಾಕುತ್ತಾರೆ, ಅಷ್ಟೆ. ಅಲ್ಲಿ ಹಲಗೆ ಕೊಯ್ಯುವುದು, ಕಬ್ಬಿಣದ ಮೊಳೆ ಹೊಡೆಯುವುದು. ತಾಮ್ರವೆಂಬುದು ಒಂದು ಎಳೆಯೂ ಇಲ್ಲ. ಹೋದವರು ಹಿಂದೆ ಬಂದದ್ದೂ ಇಲ್ಲ. ನಾಲ್ಕು ವರ್ಷ ಅಡ್ಡ ಕೂತು ಕಲಿತ ವಿದ್ಯೆ ಹಲಗೆಯ ಹೊಟ್ಟಿನಲ್ಲಿ ಹೋಗುವುದನ್ನು ನೆನೆದು ನನಗೆ ಊಟ ಸೇರದಾಯಿತು. ಸೊಂಟದ ಬೀಗದ ಕೈಯನ್ನು ದಿನಕ್ಕೆ ಮೂರು ಸಲ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಯಾರ್ಡಿನಲ್ಲಿ ಮಾತ್ರ ಅದೇ ಹಾಸ್ಯ. ಏಳನೇ ನಂಬರಿನ ಆಪರೇಟರ್ ಇಮಾಮ್ ಸಾಬರು, "ನನ್ ಭಾಮೈದ ಹೊಸ ಆಟೋ ತಗಂಡವ್ನೆ, ಸೋಮವಾರ ನನ್ನ ಕಥೆ ಮುಗೀತು ಮೇಷ್ಟ್ರೇ" ಎಂದು ನನ್ನ ಬೆನ್ನು ತಟ್ಟಿದರು. ನನಗೆ ನಗು ಬರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಏಳನೇ ನಂಬರ್ ನಿಂತಿತು. ನಿಂತದ್ದು ಏರಿಯ ತುದಿಯಲ್ಲಿ. ಏರಿಯಲ್ಲಿ ಇನ್ನು ಇಪ್ಪತ್ತು ಅಡಿ ಬಾಯಿ ಮಾತ್ರ ಉಳಿದಿತ್ತು. ಅದನ್ನು ಮುಚ್ಚಲು ಉದ್ದ ಕೈಯ ಈ ಯಂತ್ರವೊಂದೇ ಆಗಬೇಕು. ಬಕೆಟ್ ತುಂಬ ಮಣ್ಣು ಹೊತ್ತು, ಕೈ ಎತ್ತಿಕೊಂಡು, ಆಶೀರ್ವಾದ ಮಾಡುವ ಹಾಗೆ ನಿಂತುಬಿಟ್ಟಿತು. ಪಡುವಲಲ್ಲಿ ಮೋಡ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. "ಮಳೆಗೆ ಮುಂಚೆ ಬಾಯಿ ಮುಚ್ದಿದ್ರೆ ಮೂರು ತಿಂಗಳ ಮಣ್ಣು ಕೊಚ್ಕೊಂಡು ಹೋಗುತ್ತೆ ತಿಪ್ಪೇಶಿ, ಬೇಗ" ಎಂದ ಹಾಲಪ್ಪ. ದೇವೀರಮ್ಮ ಅವತ್ತು ರಜೆ. ಅವಳ ತಂಗಿಯ ಮಗುವಿನ ನಾಮಕರಣ.

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಅವಳಿಲ್ಲ. ಇವತ್ತು ನಾನೊಬ್ಬನೇ ಕಂಡುಹಿಡಿದರೆ ಸೋಮವಾರ ತಟ್ಟೆ ಹಿಡಿಯುವ ಹೊತ್ತಿಗೆ ನನ್ನ ಹೊಟ್ಟೆ ತಣ್ಣಗಾಗಿರುತ್ತದೆ, ಎಲ್ಲ ಸರಿಹೋಗುತ್ತದೆ. ಮೀಟರ್ ಹಿಡಿದೆ, ಎಪ್ಪತ್ತು ತೋರಿಸಿತು. ದೊಡ್ಡ ಅಡ್ಡಿಯಲ್ಲ. ಆ ಯಂತ್ರದ ದಾರಿಯಲ್ಲಿ ಹದಿನಾಲ್ಕು ಕನೆಕ್ಟರುಗಳಿವೆ. ಒಂದನೆಯದು ಬಿಚ್ಚಿದೆ, ಶುದ್ಧವಾಗಿತ್ತು. ಪುಸ್ತಕದಲ್ಲಿ ಗುರುತು ಹಾಕಿದೆ. ಎರಡು, ಶುದ್ಧ. ಅವಳಾಗಿದ್ದರೆ ಇಷ್ಟು ಹೊತ್ತಿಗೆ ಬೆರಳಿಟ್ಟಿರುತ್ತಿದ್ದಳು ಎಂದುಕೊಂಡೆ. ಮೂರು, ಶುದ್ಧ. ಇಮಾಮ್ ಸಾಬರು ಕ್ಯಾಬಿನ್ನಿನಿಂದ ಬಗ್ಗಿ, "ದೇವೀರಮ್ಮಂಗೆ ಹೇಳಿ ಕಳ್ಸೋಣ್ವಾ ಮೇಷ್ಟ್ರೇ?" ಎಂದರು. ಬೇಡ ಎಂದೆ. ಎಂಟನೆಯದರ ಪಿನ್ನುಗಳ ಮೇಲೆ ಹಳೆಯ ಹಸಿರು ಸಿಕ್ಕಿತು. ಶುಕ್ರವಾರ ಮಾಮೂಲಿ ತಪಾಸಣೆಯಲ್ಲಿ ಅದನ್ನು ಬಿಚ್ಚಿ ನೋಡಿದವನು ನಾನೇ. ಉಜ್ಜಿ ಹಾಕಿ ಮತ್ತೆ ಮೀಟರ್ ಹಿಡಿದೆ. ಎಪ್ಪತ್ತು ಹೋಗಿ ತೊಂಬತ್ತು ತೋರಿಸಿತು. ಮೀಟರೇ ಕೆಟ್ಟಿತೇನೋ ಎಂದು ಇನ್ನೊಂದು ತರಿಸಿದೆ. ಅದು ತೊಂಬತ್ತೈದು ಎಂದಿತು. ಹದಿನಾಲ್ಕೂ ಮುಗಿಸುವ ಹೊತ್ತಿಗೆ ನೂರ ಹತ್ತು. ಹುಡುಕಿದಷ್ಟೂ ಕೆಡುತ್ತಿತ್ತು.

ಹಾಲಪ್ಪ ನನಗೆ ಹೇಳದೆ ತನ್ನ ಮೊಪೆಡ್ ಹತ್ತಿ ನಾಮಕರಣದ ಮನೆಗೆ ಹೋಗಿಬಿಟ್ಟಿದ್ದ. ನಾನು ಒಂದನೆಯ ಕನೆಕ್ಟರನ್ನು ಮತ್ತೆ ಬಿಚ್ಚಿದೆ. ಎರಡು ಗಂಟೆಯ ಹಿಂದೆ ನನ್ನ ಕೈಯಾರೆ ಶುದ್ಧ ಎಂದು ಗುರುತು ಹಾಕಿದ್ದು. ಪಿನ್ನುಗಳು ಬಾವಿಯ ಕಲ್ಲಿನ ಹಾಗೆ ಹಸಿರಾಗಿದ್ದವು.

ಯಂತ್ರದ ನೆರಳಿನಲ್ಲಿ ಕೂತು ನೋಟ್ ಪುಸ್ತಕದ ಹಿಂದಿನ ಪುಟ ತೆಗೆದೆ. ನಾನು ಎಲ್ಲವನ್ನೂ ಬರೆಯುವವನು, ಕೊನೆಗೆ ಯಾವ ಕನೆಕ್ಟರ್ ನೋಡಿ ಬಿಟ್ಟೆ ಎಂಬುದನ್ನೂ ಬರೆದಿದ್ದೆ. ಪಕ್ಕದಲ್ಲೇ ದೇವೀರಮ್ಮ ದೋಷ ಕಂಡುಹಿಡಿದ ಜಾಗವನ್ನೂ ಬರೆದಿದ್ದೆ. ಹನ್ನೊಂದು ಸಾಲಿನಲ್ಲೂ ಎರಡೂ ಒಂದೇ. ಹನ್ನೊಂದಕ್ಕೆ ಹನ್ನೊಂದು. ಅಳೆದು ಬರೆದಿಟ್ಟದ್ದನ್ನು ಒಂದು ಸಲವೂ ಓದಿರಲಿಲ್ಲವೇ? ಓದಿದ್ದೆ, ಬಸ್ಸಿನಲ್ಲಿ, ಎಷ್ಟೋ ಸಲ. ಕಾಗುಣಿತ ಸರಿಯಿದೆಯೇ ಎಂದು ನೋಡಿದ್ದೆ.

ಮೊಪೆಡ್ಡಿನ ಹಿಂದೆ ಒಂದು ಪಕ್ಕಕ್ಕೆ ಕೂತು ದೇವೀರಮ್ಮ ಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕೈಯಲ್ಲಿ ಎಲೆಯಡಿಕೆಯ ಚೀಲ. ಇಳಿದವಳೇ ಸೆರಗು ಸಿಕ್ಕಿಸಿಕೊಂಡು ಬಂದು, ಎಂದಿನ ಹಾಗೆ, "ಕೊನೇಲಿ ಮುಟ್ಟಿದ್ದು ಯಾವ್ದು ಮೇಷ್ಟ್ರೇ?" ಎಂದಳು.

"ಎಲ್ಲಾನೂ" ಎಂದೆ.

ಅವಳು ನನ್ನ ಮುಖ ನೋಡಿದಳು. ತೊಡೆಯ ಮೇಲೆ ತೆರೆದಿದ್ದ ಪುಸ್ತಕ ನೋಡಿದಳು. ಅದರಲ್ಲೇನಿದೆ ಎಂದು ಅವಳಿಗೆ ಓದಲು ಬಾರದು, ಆದರೆ ನನ್ನ ಬೆರಳು ಸಾಲಿನಿಂದ ಸಾಲಿಗೆ ಹೋಗಿ ಬರುತ್ತಿರುವುದು ಕಂಡಿತು. ಹಾಲಪ್ಪ ದೂರದಲ್ಲಿ ಮೋಡ ನೋಡುತ್ತ ನಿಂತಿದ್ದ.

"ಗೊತ್ತಾಯ್ತಾ?" ಎಂದಳು ಮೆಲ್ಲಗೆ.

"ನಿಮಗೆ ಯಾವಾಗಿಂದ ಗೊತ್ತು?"

"ಕ್ಯಾಂಟೀನಿನ ಜಗ್ಗಿಗೆ ನೀವು ಟವೆಲ್ ಹೊದಿಸಿದ್ರಲ್ಲ, ಅವತ್ತಿಂದ." ಅವಳು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. "ನಾಲ್ಕನೇ ನಂಬರಿಂದು ಒಂದೇ ಮೇಷ್ಟ್ರೇ ನಾನು ಹುಡುಕಿದ್ದು. ಆಮೇಲಿಂದೆಲ್ಲಾ ನಿಮ್ಮ ಹೆಜ್ಜೆ ಹಿಡಿದು ಹೋಗಿದ್ದು. ನೀವೆಲ್ಲಿ ನಿಂತು ಹೊಟ್ಟೆ ಉರ್ಕೊಂಡ್ರೋ ಅಲ್ಲಿ ಕೈ ಹಾಕ್ತಿದ್ದೆ."

"ಹೇಳ್ಬೋದಿತ್ತಲ್ಲ!"

"ಏನಂತ ಹೇಳ್ಲಿ? ಹೇಳಿದ್ರೆ ನೀವು ಮರದ ಶೆಡ್ಡಿಗೆ. ನೀವು ಅತ್ಲಾಗ್ ಹೋದ್ರೆ ನಾನಿಲ್ಲಿ ಏನ್ ಹುಡುಕ್ಲಿ? ಪೆಟ್ಟಿಗೆ ಮೇಲೆ ಏನ್ ಬರ್ದದೆ ಅಂತ ಓದಾಕೂ ಬರಲ್ಲ ನಂಗೆ." ಅವಳ ಮೂಗಿನ ತುದಿ ಕೆಂಪಗಾಗಿತ್ತು. "ದೇವೀರಮ್ಮನ ಕೈಗುಣ ಅಂತಾರೆ. ಕೈಗುಣ ಅಲ್ಲ, ನಿಮ್ಮ ಹೊಟ್ಟೆಗುಣ. ನಿಮ್ಗೆ ವಾಸಿಯಾಗ್ಬಿಟ್ರೆ ಅಂತ ದಿನಾ ಎದ್ರಿಕೊಂಡೇ ಬರ್ತಿದ್ದೆ."

ಮೂರೂವರೆ ತಿಂಗಳು ನಾನು ಉರಿದದ್ದು ಅವಳ ಜಾಣತನಕ್ಕೆ. ಆ ಜಾಣತನ ನಾನು ಉರಿದದ್ದರಿಂದಲೇ ಆದದ್ದು. ಮೇಲಿನಿಂದ ಇಮಾಮ್ ಸಾಬರು, "ಸಂಸಾರದ ಮಾತು ಆಮೇಲಾಡ್ರಪ್ಪಾ, ಹನಿ ಬೀಳ್ತಾ ಐತೆ!" ಎಂದು ಕೂಗಿದರು.

ಹದಿನಾಲ್ಕೂ ಕನೆಕ್ಟರ್ ಉಜ್ಜಬೇಕಿತ್ತು. ನಾನು ಹತ್ತಿರವಿದ್ದರೆ ಉಜ್ಜಿದ್ದು ಮತ್ತೆ ಹಸಿರಾಗುತ್ತದೆ. ಎಲ್ಲ ತಿಳಿದ ಮೇಲೂ ಆ ರೇಷ್ಮೆ ಸೀರೆಯಲ್ಲಿ ಅವಳು ಯಂತ್ರದ ಕೆಳಗೆ ನುಗ್ಗಿದ್ದನ್ನು ನೋಡಿ ನನ್ನ ಹೊಟ್ಟೆ ಚುರುಕ್ಕೆಂದಿತು. ತಿಳಿಯುವುದಕ್ಕೂ ಹೊಟ್ಟೆಗೂ ಸಂಬಂಧವಿಲ್ಲ. ನನ್ನ ರಬ್ಬರನ್ನು ಅವಳಿಗೆ ಕೊಟ್ಟು, ಪುಸ್ತಕ ಹಿಡಿದು, ಇಪ್ಪತ್ತು ಹೆಜ್ಜೆ ಎಣಿಸಿಕೊಂಡು ಹೋಗಿ ಜಲ್ಲಿಕಲ್ಲಿನ ರಾಶಿಯ ಮೇಲೆ ನಿಂತೆ. ಯಾವ ಕನೆಕ್ಟರ್ ಎಲ್ಲಿದೆಯೆಂದು ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿದ್ದೆ. ಅಲ್ಲಿಂದ ಕೂಗಿದೆ.

"ಒಂದು! ಸೀಟಿನ ಕೆಳಗೆ, ಎಡಕ್ಕೆ!"

"ಸಿಕ್ತು!"

"ಪಿನ್ನು ಬಗ್ಗಬಾರ್ದು, ಮೆತ್ತಗೆ ಉಜ್ಜಿ! ಹುಣಸೆಹಣ್ಣು ಹಾಕ್ಬೇಡಿ, ಹುಳಿ ಉಳ್ಕೊಂಡ್ರೆ ತಿಂದ್ಹಾಕುತ್ತೆ!"

"ಹುಣಸೆಹಣ್ಣು ನಿಮ್ಮನೆ ಹಂಡೆಗೆ ಇಟ್ಕೊಳ್ಳಿ! ಮುಂದಿಂದ್ ಹೇಳಿ!"

ಒಂಬತ್ತನೆಯದು ಪಂಪಿನ ಹಿಂದೆ ಎರಡು ಪೈಪುಗಳ ನಡುವೆ ಇತ್ತು, ಕಣ್ಣಿಗೆ ಕಾಣುವುದಿಲ್ಲ. ನಾನು ಮಾತಿನಲ್ಲಿ ದಾರಿ ಹೇಳಿದೆ, ಅವಳು ಬೆರಳಿನಲ್ಲಿ ಹೋದಳು. ಹನಿ ದಪ್ಪವಾಯಿತು. ಹಾಲಪ್ಪ ಟಾರ್ಪಾಲು ತಂದು ಅವಳ ಮೇಲೆ ಹಿಡಿದ. ಪುಸ್ತಕದ ಮೇಲೆ ನೀರು ಬಿದ್ದು ಪೆನ್ಸಿಲ್ ಗುರುತು ಮಸುಕಾಗುತ್ತಿತ್ತು. ಅಂಗಿಯೊಳಗೆ ಇಟ್ಟುಕೊಂಡು ಇಣುಕಿ ಇಣುಕಿ ಓದಿದೆ. ಹದಿನಾಲ್ಕು ಮುಗಿದು ಅವಳು ಮೀಟರ್ ಹಿಡಿದಳು.

"ಅರವತ್ತು ಮೇಷ್ಟ್ರೇ! ಅರವತ್ತು!"

ಇಮಾಮ್ ಸಾಬರು ಕೀ ತಿರುಗಿಸಿದರು. ಎತ್ತಿದ ಕೈ ಇಳಿಯಿತು. ಆರು ಗಂಟೆಯ ಹೊತ್ತಿಗೆ ಏರಿಯ ಬಾಯಿ ಮುಚ್ಚಿತು, ಆರೂಕಾಲಿಗೆ ಆಕಾಶ ಹರಿದುಕೊಂಡು ಬಿತ್ತು. ಎಲ್ಲರೂ ದೇವೀರಮ್ಮನ ಸುತ್ತ ನಿಂತು ಕೈಗುಣ, ಕೈಗುಣ ಎನ್ನುತ್ತಿದ್ದರು. ನಾನು ನೆನೆಯುತ್ತ ಕಲ್ಲಿನ ರಾಶಿಯ ಮೇಲೇ ಇದ್ದೆ. ಹೊಟ್ಟೆಯಲ್ಲಿ ಅದೇ ಉರಿ. ಅಷ್ಟು ದೂರವಿದ್ದದ್ದರಿಂದ ಸೊಂಟದ ಬೀಗದ ಕೈಯೊಂದೇ ಹಸಿರಾಯಿತು.

ಭಾನುವಾರ ಪೂರ್ತಿ ಕೂತು ಪುಸ್ತಕ ತಿದ್ದಿದೆ. ಹನ್ನೊಂದು ಕಡೆ 'ತೇವ' ಅಳಿಸಿ 'ತಿಪ್ಪೇಶಿ' ಎಂದು ಬರೆದೆ. ಹನ್ನೆರಡನೆಯ ಸಾಲನ್ನೂ ಬರೆದೆ. ಸೋಮವಾರ ಬೆಳಗ್ಗೆ ಎಲ್ಲರೂ ಅಂಗಳದಲ್ಲಿ ದೂರ ದೂರ ನಿಂತಿದ್ದರು. ತಟ್ಟೆಗಳು ಇನ್ನೂ ಬುಟ್ಟಿಯಲ್ಲಿದ್ದವು. ನಾನು ಹೋಗಿ ಹಾಲಪ್ಪನ ಕೈಗೆ ಪುಸ್ತಕ ಕೊಟ್ಟೆ. ಅವನು ಓದಿದ. ಒಂದು ಪುಟ ತಿರುಗಿಸಿ ಮತ್ತೆ ಓದಿದ.

"ತಟ್ಟೆ ಬೇಡ ಬಿಡ್ರಪ್ಪಾ" ಎಂದ ಕೊನೆಗೆ. "ಸಿಕ್ತು."

ಸಾಲಿನುದ್ದಕ್ಕೂ ಒಂದು ದೊಡ್ಡ ಉಸಿರು ಹೊರಬಿತ್ತು. ನನಗೆ ಒಬ್ಬರೂ ಬಯ್ಯಲಿಲ್ಲ. ಇಮಾಮ್ ಸಾಬರಂತೂ ಬಂದು ನನ್ನ ಎರಡೂ ಕೈ ಹಿಡಿದು, "ನಮ್ಮನ್ನೆಲ್ಲಾ ಬದುಕಿಸಿಬಿಟ್ರಿ ಮೇಷ್ಟ್ರೇ" ಎಂದರು.

"ಆದ್ರೂ ಮರದ ಶೆಡ್ಡು ಮರದ ಶೆಡ್ಡೇ ಕಣಯ್ಯಾ" ಎಂದ ಹಾಲಪ್ಪ, ನನ್ನ ಕಣ್ಣು ತಪ್ಪಿಸಿ. ನಾನು ಸೊಂಟದಿಂದ ಬೀಗದ ಕೈ ಬಿಚ್ಚಿದೆ. ಅವನು ಅದನ್ನು ದೇವೀರಮ್ಮನ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಹನ್ನೆರಡರಲ್ಲಿ ಒಂದೂ ನಾನು ಹುಡುಕಿದ್ದಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅವ್ರು ಬರ್ದಿದ್ದು, ನಾನು ಉಜ್ಜಿದ್ದು. ಮರದ ಶೆಡ್ಡು ಎಷ್ಟು ದೂರ ಐತೆ ಇಲ್ಲಿಂದ? ಮೂವತ್ತು ಹೆಜ್ಜೆ. ಅವ್ರು ಅಲ್ಲಿಂದ ಓದ್ಲಿ. ನಾನು ಇಲ್ಲಿಂದ ಕೇಳಸ್ಕೊತೀನಿ. ಹಂಗಾದ್ರೆ ಬೀಗದ ಕೈ ಕೊಡಿ, ಇಲ್ಲಾಂದ್ರೆ ನೀವೇ ಇಟ್ಕಳಿ."

ಹಾಲಪ್ಪ ತಲೆ ಕೆರೆದುಕೊಂಡ. ನಿಯಮದಲ್ಲಿ ಕೂಗಬಾರದು ಎಂದು ಎಲ್ಲೂ ಇರಲಿಲ್ಲ. ಹಾಗಾಗಿ ಈಗ ನಾನು ಮರದ ಶೆಡ್ಡಿನಲ್ಲಿ ಹಲಗೆ ಅಳೆಯುತ್ತೇನೆ, ಬರೆದಿಡುತ್ತೇನೆ. ಯಂತ್ರ ನಿಂತರೆ ದೇವೀರಮ್ಮ ಕ್ಯಾಬಿನ್ನಿನ ಪುಟ್ಟ ಪರದೆಯ ಮೇಲೆ ಬಂದ ದೋಷದ ಅಂಕಿಗಳನ್ನು ಅಲ್ಲಿಂದ ಒಂದೊಂದಾಗಿ ಕೂಗುತ್ತಾಳೆ. ನಾನು ಪುಸ್ತಕ ತೆಗೆದು ಎಲ್ಲಿ ನೋಡಬೇಕೆಂದು ಕೂಗುತ್ತೇನೆ. ದೋಷ ಸಿಕ್ಕಾಗ ಜನ ಅವಳ ಕಡೆಗೇ ಓಡುತ್ತಾರೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ. ಮರಕ್ಕೆ ಏನೂ ಆಗುವುದಿಲ್ಲ.

ಆ ಸೋಮವಾರ ಸಂಜೆ ಮನೆಗೆ ಬಂದು ಪಂಕಜಳಿಗೆ ಎಲ್ಲ ಹೇಳಿದೆ. ಜಗ್ಗು, ಟವೆಲ್, ತೇವ, ಬೀಗದ ಕೈ, ಯಾವುದನ್ನೂ ಬಿಡಲಿಲ್ಲ. "ನೀನು ಒಂದು ದಿನವೂ ಕೇಳದೆ ನನ್ನ ಕಿಲುಬು ಉಜ್ಜಿದೆ" ಎಂದೆ. ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

"ನಿಮ್ಮದಾ?" ಎಂದಳು. "ಹಂಡೆದು ನಿಮ್ಮದಾ?"

"ಮತ್ಯಾರದು?"

ಅವಳು ಹಿಟ್ಟನ್ನು ಬೆರಳಿನಿಂದ ಬಿಡಿಸಿದಳು. ಆಮೇಲೆ ಒಲೆಯ ಕಡೆ ಮುಖ ಮಾಡಿ, "ದಿನಾ ದೇವೀರಮ್ಮ, ದೇವೀರಮ್ಮ. ಊಟಕ್ಕೆ ಕೂತ್ರೆ ದೇವೀರಮ್ಮನ ಬೆರಳು, ಮಲಗೋಕೆ ಹೋದ್ರೆ ದೇವೀರಮ್ಮನ ಜಾಣತನ. ನಾನೇನು ಕಲ್ಲಾ?" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೂ ನಂಬಿಕೆ ಬರಲಿಲ್ಲ. ಊಹಿಸಬಾರದು, ಅಳೆಯಬೇಕು. ಹಂಡೆಯನ್ನು ತಂದು ನಡುಮನೆಯಲ್ಲಿಟ್ಟು ಇಬ್ಬರೂ ಸೇರಿ ಉಜ್ಜಿದೆವು. ಆಮೇಲೆ ನಾನು, "ನೀನು ಇದರ ಪಕ್ಕ ಕೂತಿರು, ನಾನು ಹೊರಗೆ ಹೋಗ್ತೀನಿ. ಅವಳನ್ನೇ ನೆನೆಸ್ಕೋ. ಏನಾಗುತ್ತೆ ಅಂತ ಕೂಗಿ ಹೇಳು" ಎಂದೆ. "ನಿಮಗೇನು ತಲೆ ಕೆಟ್ಟಿದೆಯಾ" ಎಂದಳು, ಆದರೆ ಕೂತಳು. ನಾನು ಬೀದಿಗಿಳಿದು ಇಪ್ಪತ್ತು ಹೆಜ್ಜೆ ಎಣಿಸಿಕೊಂಡು ಹೋಗಿ ಕಂಬದ ಹತ್ತಿರ ನಿಂತೆ. ಎದುರು ಮನೆಯವರು ಜಗಲಿಯಿಂದ ನೋಡುತ್ತಿದ್ದರು.

"ಬರ್ತಾ ಇದೆ!" ಎಂದು ಒಳಗಿನಿಂದ ಪಂಕಜಳ ದನಿ ಕೇಳಿಸಿತು.

ನಾನು ಇನ್ನೂ ಹತ್ತು ಹೆಜ್ಜೆ ಹಿಂದೆ ಹೋದೆ, ಖಾತ್ರಿಯಾಗಲಿ ಎಂದು. "ಈಗ?"

"ಈಗಲೂ! ಉಗುರಿನಷ್ಟಾಯ್ತು!"

ನನ್ನಂಥವನಿಗಾಗಿ ಒಂದು ಪಾತ್ರೆ ಹಸಿರಾದೀತು ಎಂದು ನಾನು ಎಂದೂ ಎಣಿಸಿರಲಿಲ್ಲ. ಓಡಿಕೊಂಡು ಹಿಂದೆ ಬಂದೆ. ಅವಳು ತಲೆ ತಗ್ಗಿಸಿಕೊಂಡು ಹುಣಸೆಹಣ್ಣು ಹಿಡಿದಿದ್ದಳು. ಅದನ್ನು ಅವಳ ಕೈಯಿಂದ ತೆಗೆದು ಭರಣಿಗೆ ಹಾಕಿ ಮುಚ್ಚಳ ಮುಚ್ಚಿದೆ. ಹಂಡೆ ಇವತ್ತೊಂದು ದಿನ ಹಾಗೇ ಇರಲಿ ಎಂದೆ.